ಮಚ್ಚೆ, ಎಡಗೋಲು

ಕಡೂರಿನಲ್ಲಿ ನಾನು ಹಲ್ಲು ಮಾಡುತ್ತೇನೆ.
ಡಾಕ್ಟರಲ್ಲ. ಡಾಕ್ಟರು ಅಚ್ಚು ತೆಗೆದು ಕಳಿಸಿದ ಬಾಯಿಗೆ
ಮೇಣ ತುಂಬಿ, ಗುಲಾಬಿ ವಸಡು ಬೇಯಿಸಿ,
ಮೇಲೆ ಹದಿನಾಲ್ಕು ಕೆಳಗೆ ಹದಿನಾಲ್ಕು
ಸಾಲು ನಿಲ್ಲಿಸುವವನು.
ಸಂಜೆ ಆರರ ಮೇಲೆ ಅದೇ ಬೆಂಚು, ಅದೇ ದೀಪ,
ಅದೇ ಕೊರೆಗಡ್ಡಿ.
ಸೈನ್ಯ.

ಕಿರುಬೆರಳ ಗೆಣ್ಣಿನುದ್ದದ ಸಿಪಾಯಿಗಳು
ಇಂಗ್ಲೆಂಡಿನಿಂದ ತವರದಲ್ಲಿ ಬರುತ್ತಾರೆ.
ಸುಂಕ ಕಟ್ಟಿ ಬಿಡಿಸಿಕೊಳ್ಳಬೇಕು,
ಮೈಸೂರಿನ ಕಡೆಯವರನ್ನೂ.

ಮೊದಲು ಎಲ್ಲರಿಗೂ ಕಪ್ಪು.
ಆಮೇಲೆ ನೇರಳೆ ಅಂಗಿ, ಅದರ ಮೇಲೆ ಹುಲಿಪಟ್ಟೆ.
ಮೂರು ಸೊನ್ನೆಯ ಕುಂಚ.
ಉಸಿರು ಬಿಟ್ಟು ಇನ್ನೊಂದು ಎಳೆದುಕೊಳ್ಳುವುದರೊಳಗೆ
ಒಂದು ಪಟ್ಟೆ.
ಒಬ್ಬನಿಗೆ ಇಪ್ಪತ್ತು. ನೂರಾ ನಲವತ್ತು ಜನ.
ಕಣ್ಣು ಬರೆಯುವುದಿಲ್ಲ;
ಬರೆದರೆ ಎಲ್ಲರೂ ಬೆಚ್ಚಿದ ಹಾಗೆ ಕಾಣುತ್ತಾರೆ.
ಕಾಲಡಿಗೆ ವೇದಾವತಿಯ ಮರಳು, ಟೀ ಸೋಸುವ ಜಾಲರಿಯಲ್ಲಿ
ಮೂರು ಸಲ ಜರಡಿ ಹಿಡಿದದ್ದು.

ಎತ್ತು ಬಂದಾಗ ಕೈ ನಿಂತಿತು.
ಫಿರಂಗಿ ಎಳೆಯಲೆಂದು ಹನ್ನೆರಡು:
ಹೊಟ್ಟೆ ಕೊಬ್ಬಿದ, ಕೊಂಬು ಜೋತ, ಹಿಣಿಲಿಲ್ಲದ
ಸೀಮೆ ದನ.
ಅಮೃತಮಹಲಿನ ನೆಲದಲ್ಲಿ ಇವನ್ನು ಇಳಿಸಿದರೆ
ಅಜ್ಜಂಪುರದ ಕಾವಲಿನ ಕಲ್ಲೂ ನಕ್ಕೀತು.

ಕೊಂಬು ಕತ್ತರಿಸಿದೆ.
ಕಟ್ಟುಹಲ್ಲಿಗೆ ಹಾಕುವ ತಂತಿಯನ್ನು ಕಾಯಿಸಿ
ಹಿಂದಕ್ಕೆ ಬಾಗಿಸಿ, ಮೇಲಕ್ಕೆತ್ತಿ, ತುದಿ ಮಸೆದೆ.
ವಸಡಿನ ಹಿಟ್ಟಿನಲ್ಲೇ ಹಿಣಿಲು, ಗಂಗೆದೊಗಲು.
ಬೂದಿಗೆ ಒಂದು ತೊಟ್ಟು ನೀಲಿ,
ಭುಜಕ್ಕೆ ಹೊಗೆ.
ಹನ್ನೆರಡಕ್ಕೆ ಹನ್ನೊಂದು ವಾರ.

ಬುಧವಾರ ಹಲ್ಲು ಕೂರಿಸಿ ನೋಡಲು ಬಂದ ಚಿತ್ತಜ್ಜ
ಕಾವಲಿನಲ್ಲಿ ನಲವತ್ತು ವರ್ಷ ದನ ಕಾದವನು.
ಬಾಯಿ ತೆರೆಯುವ ಬದಲು ಬೆಂಚಿಗೆ ಬಗ್ಗಿದ.
ಭೂತಗನ್ನಡಿ ಕೊಟ್ಟೆ. ಬೇಡವೆಂದ.
‘ಎಡಗೋಲಿಗೆ ಬಲದೆತ್ತು ಕಟ್ಟೀಯಲ್ಲೋ.’
ಎರಡೂ ಒಂದೇ ಅಚ್ಚಿನವು ಅಜ್ಜ, ಅಂದೆ.
‘ಅಚ್ಚು ಒಂದಾದ್ರೆ ಎತ್ತು ಒಂದಾಯ್ತಾ?
ಇದ್ರ ಹೆಸರೇನು?’

ಪುಸ್ತಕಗಳಲ್ಲಿ ಫಿರಂಗಿಯ ತೂಕ ಇದೆ,
ಗುಂಡಿನ ದಪ್ಪ ಇದೆ,
ಯಾವ ಪಟಾಲಮಿಗೆ ಯಾವ ಬಣ್ಣದ ಮುಂಡಾಸು, ಅದೂ ಇದೆ.
ಸುಮ್ಮನೆ ಹಲ್ಲು ಒರೆಸುತ್ತ ನಿಂತೆ.

ಅವನೇ ಒಂದೊಂದನ್ನೂ ಬೆರಳಲ್ಲಿ ತಿವಿದು ಹೇಳಿದ:
ಮಚ್ಚೆ. ಒಂಟಿಸುಳಿ. ಸಿಡಿಲ. ಇದು ಕಳ್ಳ, ನೊಗ ಕಂಡ್ರೆ ಮಲಗ್ತಿತ್ತು.
ಇದು ಬೀರೂರು ಸ್ಟೇಷನ್ನಿನಲ್ಲಿ ರೈಲಿಗೆ ಹಾಯಲು ಹೋದದ್ದು.
ಹನ್ನೆರಡೂ ತುಂಬಿದ ಮೇಲೂ
ಹೆಸರು ಮುಗಿಯಲಿಲ್ಲ.

ಅಂದು ರಾತ್ರಿ ಪೀಠಗಳನ್ನು ಮಗುಚಿ
ಅಡಿಯಲ್ಲಿ ಬರೆದೆ, ಮೂರು ಸೊನ್ನೆಯಲ್ಲೇ.
ಮಚ್ಚೆ, ಎಡಗೋಲು.

ಭಾನುವಾರ ಹವಾಲ್ದಾರ್ ಓಂಕಾರಮೂರ್ತಿಗಳು ಬಂದರು,
ಪಿಂಚಣಿ ಬಂದಾಗಿನಿಂದ ಇಂಗ್ಲಿಷರ ಕಡೆ ಆಡುವವರು.
ಮೂರನೇ ಸುತ್ತಿಗೆ ಅವರ ದಾಳ ಆರು ಬಿತ್ತು.
ನಿಯಮ ಅಷ್ಟೇ: ಎತ್ತು ಒಂದು ಹೋದರೆ
ಫಿರಂಗಿ ಎರಡು ಸುತ್ತು ಕದಲದು.
ಎತ್ತಿ ಡಬ್ಬಿಗೆ ಹಾಕಲು ಹೋದವರು ಮಗುಚಿ ಓದಿದರು.
‘ಏನ್ರೀ ಇದು?’
ಹೇಳಿದೆ.
ಡಬ್ಬಿ ಮುಚ್ಚಿ, ಅದನ್ನು ಮೇಜಿನಂಚಿಗೆ
ತಮ್ಮ ಕಡೆಯೇ ನಿಲ್ಲಿಸಿಕೊಂಡರು.
ಆಟದಲ್ಲಿ ಗೆದ್ದರು. ಯಾವಾಗಲೂ ಅವರೇ.

ಚಿತ್ತಜ್ಜ ಮತ್ತೆ ಬಂದಿದ್ದ, ಹಲ್ಲು ಸರಿಯಿಲ್ಲವೆಂದು.
ನೋವಾ? ಇಲ್ಲ. ಸಡಿಲವಾ? ಇಲ್ಲ.
‘ಕೂಗು ಹೊರಗೆ ಬರಲ್ಲ, ಅಡ್ಡ ನಿಲ್ತದೆ.’
ಎರಡೂ ಸಾಲು ಕಳಚಿ
ಸಿಪಾಯಿಗಳ ಪಕ್ಕ ಇಟ್ಟ, ಒದ್ದೆ, ಬೆಳ್ಳಗೆ, ಆನೆಯಷ್ಟು.
ಬೋಡುಬಾಯಿ ತೆರೆದು
ಬೆಂಚಿನ ಕಡೆಗೆ ಒಂದು ಸಲ ಕೂಗಿದ,
ಮುಂದೆ ಹುಲ್ಲೇ ಹುಲ್ಲು ಎರಡು ಮೈಲಿ ಇರುವವನ ಹಾಗೆ.

ಕೆಳಗಿನ ಅಂಗಡಿಯವ ಮೆಟ್ಟಿಲು ಹತ್ತಿ ಬಂದು
ಏನಾಯಿತೆಂದು ಕೇಳಿದ.
ಹಲ್ಲಿನ ಅಳತೆ, ಅಂದೆ.
ಕುಂಚ ನೀರಿನಲ್ಲೇ ಇತ್ತು,
ನೇರಳೆ ಬಿಡುತ್ತ.